ಎಚ್‌ಒ ಲೇಔಟ್‌ನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್: ಅಳತೆ ಸರಿ ಇದೆ, ಆದರೂ ಫ್ಯಾಕ್ಟರಿ ಅನ್ನಿಸುತ್ತಿಲ್ಲ

ಫ್ರೇಸರ್‌ಪೇಟೆ_ಹಾಲ್ಟ್ (ಸುಂಟಿಕೊಪ್ಪ)

ಎಲ್ಲರಿಗೂ ನಮಸ್ಕಾರ. ಮನೆಯ ಮಹಡಿ ಕೋಣೆಯಲ್ಲಿ ಗೋಡೆಗೆ ಅಂಟಿಕೊಂಡ ಹಾಗೆ ಎಂಟು ಅಡಿ ಉದ್ದ, ಎರಡು ಅಡಿ ಅಗಲದ ಎಚ್‌ಒ ಅಳತೆಯ ಮಾದರಿ ರೈಲಿನ ಲೇಔಟ್ ಕಟ್ಟುತ್ತಿದ್ದೇನೆ. ಕೊಡಗಿಗೆ ರೈಲು ಇಲ್ಲ, ಗೊತ್ತು. ಬೆಳಗೊಳದಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ಮಾರ್ಗ ಬರುತ್ತದೆ ಅಂತ ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಎಚ್‌ಒ ಅಂದರೆ 1:87, ನಿಜವಾದದ್ದರ 87ರಲ್ಲಿ ಒಂದು ಪಾಲು. ಅಂದರೆ ಇಡೀ ಮಾರ್ಗ ಹಾಕುವುದಕ್ಕೆ ನನಗೆ ಒಂದು ಕಿಲೋಮೀಟರ್ ಟ್ರ್ಯಾಕ್ ಸಾಕು! ಸದ್ಯಕ್ಕೆ ಕೊನೆಯ ಸ್ಟೇಷನ್ ಮತ್ತು ಒಂದು ಸೈಡಿಂಗ್ (ಪಕ್ಕಕ್ಕೆ ಕವಲೊಡೆದ ಹಳಿ) ಮಾತ್ರ. ಸ್ಟೇಷನ್‌ಗೆ ಕುಶಾಲನಗರದ ಹಳೇ ಹೆಸರೇ ಇಟ್ಟಿದ್ದೇನೆ, ಫ್ರೇಸರ್‌ಪೇಟೆ. ಸೈಡಿಂಗ್ ಹೋಗುವುದು ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಆರಿಸುವ ಫ್ಯಾಕ್ಟರಿಗೆ.

ಶೆಡ್ ಕಟ್ಟಿ ಆಗಿದೆ. ಫ್ಲೆಕ್ಸ್ ಅಂಗಡಿಯಲ್ಲಿ ಸಿಕ್ಕ 3 ಮಿ.ಮೀ. ಸನ್‌ಬೋರ್ಡ್ ತುಂಡುಗಳ ಗೋಡೆ. ಮೇಲೆ ರಟ್ಟಿನ ಪೆಟ್ಟಿಗೆಯ ಪದರ ಸುಲಿದು ಮಾಡಿದ ಶೀಟ್ ಚಾವಣಿ. ಏಳು ಅಡಿಯ ಬಾಗಿಲು ಲೆಕ್ಕಕ್ಕೆ 24.5 ಮಿ.ಮೀ., ಆಳುಗಳು 19 ಮಿ.ಮೀ. ಎಲ್ಲ ಸರಿ ಇದೆ. ಆದರೂ ನೋಡಿದರೆ ಬಿಸ್ಕತ್ ಡಬ್ಬಕ್ಕೆ ಬಣ್ಣ ಹೊಡೆದು ಇಟ್ಟ ಹಾಗಿದೆ. ಯೂಟ್ಯೂಬ್ ನೋಡಿ ಚಾವಣಿಗೆಲ್ಲ ತುಕ್ಕು ಬಣ್ಣ ಬಳಿದೆ. ಹಳೆಯದಾಗಿ ಕಾಣುತ್ತದೆ, ನಮ್ಮೂರಿನದಾಗಿ ಕಾಣುವುದಿಲ್ಲ.

ಸುತ್ತ ಏನೇನು ಇಡಬೇಕು? ಎರಡು ಅಡಿ ಅಗಲದಲ್ಲಿ ಕಾಫಿ ಒಣಗಿಸುವ ಕಣವನ್ನೂ ತೋರಿಸಬಹುದಾ? ಇನ್ನೊಂದು, ಮಣ್ಣಿಗೆ ಬಳಸಿದ ಕಾಫಿ ಪುಡಿ ಒಣಗಿಸಿ ಹಾಕಿ ಅನ್ನುತ್ತಾರಲ್ಲ, ಅದು ನಮ್ಮ ಮಳೆಗಾಲಕ್ಕೆ ತಡೆಯುತ್ತದಾ? ಫೋಟೊ ಹಾಕಿದ್ದೇನೆ. ಇಂಜಿನ್ ಡಬ್ಲ್ಯುಡಿಎಂ-2 ಡೀಸೆಲ್, ಕಾಲ 1990ರ ದಶಕ ಅಂತ ಇಟ್ಟುಕೊಂಡಿದ್ದೇನೆ.

ಗೂಡ್ಸ್‌ಶೆಡ್_ಮೈಸೂರು

ಸರ್, ಶೆಡ್ ವಿಷಯ ಬೇರೆಯವರು ಹೇಳಲಿ, ನಾನು ಕಾಲದ ಬಗ್ಗೆ ಮಾತ್ರ ಹೇಳುತ್ತೇನೆ. 1990ರ ಹೊತ್ತಿಗೆ ರೈಲ್ವೆಯವರು ಒಂದೆರಡು ವ್ಯಾಗನ್ ಬುಕಿಂಗ್‌ನಿಂದ ಕೈ ತೊಳೆದುಕೊಳ್ಳುತ್ತಿದ್ದರು. ಲೋಡ್ ಮಾಡಿದರೆ ಇಡೀ ರೇಕ್, ಅಂದರೆ ಒಂದು ರೈಲಿನಷ್ಟು ವ್ಯಾಗನ್. ಇಷ್ಟು ಚಿಕ್ಕ ಸೈಡಿಂಗ್‌ನಲ್ಲಿ ಎರಡು ವ್ಯಾಗನ್ ನಿಲ್ಲಿಸಿ ಕಾಫಿ ತುಂಬುವುದನ್ನು ತೋರಿಸಬೇಕಾದರೆ ಕಾಲವನ್ನು 1970ರ ದಶಕಕ್ಕೆ ಹಿಂದೆ ತನ್ನಿ. ಡಬ್ಲ್ಯುಡಿಎಂ-2 ಆಗಲೂ ಇತ್ತು, 1962ರಲ್ಲೇ ಬಂದದ್ದು. ಆಗ ಮೈಸೂರು ಕಡೆ ಎಲ್ಲ ಮೀಟರ್ ಗೇಜ್ (ಹಳಿಗಳ ನಡುವೆ ಒಂದೇ ಮೀಟರ್), ಈ ಇಂಜಿನ್ ಬ್ರಾಡ್ ಗೇಜಿನದು ಅಂತ ಯಾರಾದರೂ ಜಗಳಕ್ಕೆ ಬಂದರೆ, ಇಲ್ಲದ ಮಾರ್ಗಕ್ಕೆ ಗೇಜ್ ಯಾವುದಾದರೇನು ಅಂತ ಕೇಳಿ. ಹಾಗೆ ನೋಡಿದರೆ ಬ್ರಾಡ್ ಗೇಜ್ 1676 ಮಿ.ಮೀ., 87ರಿಂದ ಭಾಗಿಸಿದರೆ 19.3 ಬರಬೇಕು. ನಮ್ಮ ಎಚ್‌ಒ ಟ್ರ್ಯಾಕ್ 16.5. ಅದನ್ನು ಎಲ್ಲರೂ ನುಂಗಿಕೊಂಡೇ ಆಡುತ್ತಿದ್ದೇವೆ.

ವ್ಯಾಗನ್ ಮಾತ್ರ ನಾಲ್ಕು ಚಕ್ರದ ಹಳೇ ಮುಚ್ಚಿದ ವ್ಯಾಗನ್ ಇರಲಿ. ಬಿಸಿಎನ್ ಅನ್ನುವ ಎಂಟು ಚಕ್ರದ ಮುಚ್ಚಿದ ವ್ಯಾಗನ್ ಬೇಡ, ಅದು ಆಮೇಲೆ ಬಂದದ್ದು. ಉದ್ದವೂ ಜಾಸ್ತಿ, ನಿಜವಾದದ್ದು ಸುಮಾರು 15 ಮೀಟರ್. ಎಚ್‌ಒದಲ್ಲಿ 17 ಸೆಂ.ಮೀ. ದಾಟುತ್ತದೆ, ನಿಮ್ಮ ಸೈಡಿಂಗ್ ಎರಡಕ್ಕೇ ತುಂಬಿಹೋಗುತ್ತದೆ.

ಹಳೇ_ಫಿಟ್ಟರ್

ಫೋಟೊ ನೋಡಿದೆ. ಗೋಡೆ ಚೆನ್ನಾಗಿ ಬಂದಿದೆ. ನನ್ನದು ಒಂದೇ ಪ್ರಶ್ನೆ. ಹೊಟ್ಟು ಎಲ್ಲಿ?

ನಾನು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆದ ಮೇಲೆ ಮೊಮ್ಮಗನ ನೆಪದಲ್ಲಿ ಈ ಹುಚ್ಚು ಹತ್ತಿಸಿಕೊಂಡಿದ್ದೇನೆ. ಮೊಮ್ಮಗ ಈಗ ಕ್ರಿಕೆಟ್ ಕಡೆ ಹೋಗಿದ್ದಾನೆ. ಅದಿರಲಿ.

ನೀವು ಕಟ್ಟಡ ಮಾಡಿದ್ದೀರಿ, ಒಳಗೆ ಕೆಲಸ ನಡೆಯುತ್ತಿದೆ ಅಂತ ಹೊರಗಿನಿಂದ ಗೊತ್ತಾಗುವ ಹಾಗೆ ಒಂದೂ ಗುರುತು ಇಟ್ಟಿಲ್ಲ. ಮಾಲು ಎಲ್ಲಿಂದ ಒಳಗೆ ಬರುತ್ತದೆ, ಏನಾಗುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ, ಕಸ ಎಲ್ಲಿ ಬೀಳುತ್ತದೆ? ಇದನ್ನು ಮೊದಲು ಒಂದು ಕಾಗದದ ಮೇಲೆ ಬರೆಯಿರಿ. ಏನೇನು ಇಡಬೇಕು ಅನ್ನುವುದು ತಾನಾಗಿ ಬರುತ್ತದೆ.

50 ಕೆ.ಜಿ. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲಕ್ಕೆ 26 ಕೆ.ಜಿ. ಬೀಜ ಬಂದರೆ ಔಟ್‌ಟರ್ನ್, ಅಂದರೆ ಸಿಕ್ಕ ಬೀಜದ ಪ್ರಮಾಣ, ಪರವಾಗಿಲ್ಲ ಅನ್ನುತ್ತೇವೆ. ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಳಿದ 24 ಕೆ.ಜಿ.ಯಲ್ಲಿ ಹೆಚ್ಚುಕಮ್ಮಿ ಎಲ್ಲ ಹೊಟ್ಟು. ಅಂದರೆ ಬಂದ ಮಾಲಿನ ಅರ್ಧದಷ್ಟು ಭಾರ ಗೋಡೆಯ ಆಚೆ ಹೋಗಿ ಬೀಳಬೇಕು. ಒಳಗೆ ಹಲ್ಲರ್ ಸಿಪ್ಪೆ ಬಿಡಿಸುತ್ತದೆ. ಬ್ಲೋವರ್ ಆ ಸಿಪ್ಪೆಯನ್ನು ಎಳೆದು ಶೀಟಿನ ಪೈಪಿನಲ್ಲಿ ಹೊರಗಿನ ಸೈಕ್ಲೋನ್‌ಗೆ ತಳ್ಳುತ್ತದೆ. ಸೈಕ್ಲೋನ್ ಅಂದರೆ ಮೇಲೆ ಡ್ರಮ್ಮು, ಕೆಳಗೆ ಆಲಿಕೆ. ಗಾಳಿ ಒಳಗೆ ಸುತ್ತಿ ಮೇಲಕ್ಕೆ ಹೋಗುತ್ತದೆ, ಹೊಟ್ಟು ಕೆಳಗೆ ಉದುರುತ್ತದೆ. ಇದೊಂದು ಗೋಡೆಯ ಹೊರಗೆ ನಿಂತರೆ ನಿಮ್ಮ ಶೆಡ್ ಗೋಡೌನ್ ಆಗಿದ್ದದ್ದು ಫ್ಯಾಕ್ಟರಿ ಆಗುತ್ತದೆ. 5 ಮಿ.ಲೀ. ಸಿರಿಂಜಿನ ಕೊಳವೆ ಕತ್ತರಿಸಿ ಡ್ರಮ್ಮು ಮಾಡಿ. ಕೆಳಗೆ ಹಳೇ ಮಾರ್ಕರ್ ಪೆನ್ನಿನ ಮೂತಿ ಅಂಟಿಸಿ. ಮೇಲಕ್ಕೆ ಬಾಗಿದ ಸ್ಟ್ರಾ ತುಂಡು. ಕಬ್ಬಿಣದ ಕಾಲುಗಳಿಗೆ ಸ್ಟೇಪ್ಲರ್ ಪಿನ್ನು ಸಾಕು.

ಹೊಟ್ಟಿಗೆ ಬಣ್ಣ ಕಲಸಬೇಡಿ, ನಿಜವಾದ ಹೊಟ್ಟನ್ನೇ ಹಾಕಿ. ಚೆರಿ ಹೊಟ್ಟು ಕಡು ಕಂದು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಮೊದಲೇ ತೆಗೆದು ಒಣಗಿಸಿದ ಕಾಫಿ) ಹೊಟ್ಟು ತೆಳು, ಒಣ ಹುಲ್ಲಿನ ಬಣ್ಣ. ಎರಡನ್ನೂ ಬೇರೆ ಬೇರೆ ಕುಟ್ಟಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ಎರಡು ಗುಡ್ಡೆ ಮಾಡಿ. ಕಾಫಿ ಗೊತ್ತಿರುವವನು ಆ ಎರಡು ಬಣ್ಣ ನೋಡಿದ ಕೂಡಲೇ ನಿಮ್ಮನ್ನು ನಂಬುತ್ತಾನೆ. ಸೈಕ್ಲೋನ್ ಸುತ್ತಮುತ್ತ ಚಾವಣಿ ಮೇಲೆ, ಕಿಟಕಿ ಕಟ್ಟೆ ಮೇಲೆ ಅದೇ ಪಾರ್ಚ್‌ಮೆಂಟ್ ಪುಡಿಯನ್ನು ಇನ್ನೂ ನುಣ್ಣಗೆ ಮಾಡಿ ಬ್ರಷ್ಷಿನಲ್ಲಿ ಉದುರಿಸಿ. ನಮ್ಮಲ್ಲಿ ಸೀಸನ್ ಟೈಮಲ್ಲಿ ಟೂಲ್ ಬಾಕ್ಸ್ ಮುಚ್ಚಳದ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು.

ಈಗ ಚಾವಣಿ. ರಟ್ಟಿನ ಪದರ ಕಿತ್ತುಹಾಕಿ. ಅದರ ಒಂದು ಅಲೆ 6–7 ಮಿ.ಮೀ. ಇರುತ್ತದೆ, ಎಚ್‌ಒ ಲೆಕ್ಕದಲ್ಲಿ ಎರಡು ಅಡಿ ಅಗಲದ ಅಲೆ! ಎ.ಸಿ. (ಆಸ್ಬೆಸ್ಟಾಸ್ ಸಿಮೆಂಟ್) ಶೀಟಿನ ಅಲೆ 146 ಮಿ.ಮೀ., ಅಂದರೆ ನಿಮಗೆ ಬೇಕಾದದ್ದು 1.7. ಜಿ.ಐ. (ಸತು ಲೇಪಿಸಿದ ಕಬ್ಬಿಣ) ಶೀಟು 75 ಮಿ.ಮೀ., ಅದಕ್ಕೆ 0.86. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ12 ಥ್ರೆಡ್ ರಾಡ್ ಕೇಳಿ. ಅದರ ಥ್ರೆಡ್ಡಿನ ಒಂದೊಂದು ಸುತ್ತಿನ ನಡುವಿನ ಅಂತರ 1.75 ಮಿ.ಮೀ. ಎಂ5ರದು 0.8. ದೇವರು ನಮಗೋಸ್ಕರವೇ ಮಾಡಿಟ್ಟ ಹಾಗೆ ಹೊಂದುತ್ತದೆ. ಹೋಟೆಲಿನವರು ಪಾರ್ಸಲ್ ಕೊಡುವ ಅಲ್ಯುಮಿನಿಯಂ ಡಬ್ಬಿಯ ತಳ ಕತ್ತರಿಸಿಕೊಂಡು, ಹಳೇ ಮೌಸ್ ಪ್ಯಾಡ್ ಮೇಲಿಟ್ಟು, ರಾಡನ್ನು ಒತ್ತಿ ಉರುಳಿಸಿ. ಗೆರೆ ಒಂಚೂರು ಓರೆ ಬರುತ್ತದೆ. ಗೆರೆ ನೋಡಿಕೊಂಡು ಶೀಟು ಕತ್ತರಿಸಿದರೆ ಆಯಿತು. ಇಡೀ ಚಾವಣಿಗೆ ಒಂದೇ ತುಂಡು ಹಾಕಬೇಡಿ. ಒಂದು ಎ.ಸಿ. ಶೀಟು 1050 ಮಿ.ಮೀ. ಅಗಲ, ಎಚ್‌ಒದಲ್ಲಿ 12 ಮಿ.ಮೀ. ಹಾಗೆ ಒಂದೊಂದೇ ಶೀಟು, ಒಂದರ ಮೇಲೆ ಒಂದು ಸ್ವಲ್ಪ ಹತ್ತಿಸಿ, ಸೂರಿನಿಂದ ಮೇಲಕ್ಕೆ ಹೋಗಿ. ನಡುವೆ ಒಂದೆರಡು ಶೀಟಿಗೆ ಬಣ್ಣ ತಿಳಿ ಇರಲಿ, ಒಡೆದದ್ದನ್ನು ಬದಲಾಯಿಸಿದ ಹಾಗೆ.

ತುಕ್ಕಿನ ವಿಷಯ. ಎ.ಸಿ. ಶೀಟು ಸಿಮೆಂಟು ಮಾರಾಯ್ರೆ, ತುಕ್ಕು ಹಿಡಿಯುವುದು ಹೇಗೆ? ತುಕ್ಕು ಹಿಡಿಯುವುದು ಅದನ್ನು ಹಿಡಿದಿರುವ ಜೆ ಬೋಲ್ಟು, ಅಂದರೆ ಕೊಕ್ಕೆಯ ಹಾಗೆ ಬಾಗಿದ ಬೋಲ್ಟು. ಆ ಬೋಲ್ಟಿನ ತಲೆಯಿಂದ ಅಲೆಯ ಇಳಿಜಾರಿನಲ್ಲಿ ಒಂದು ಸಣ್ಣ ಕಂದು ಗೆರೆ ಇಳಿದಿರುತ್ತದೆ, ಕೆಳಗೆ ಹೋದ ಹಾಗೆ ಮಾಸುತ್ತದೆ. ಚಾವಣಿ ಬೂದು, ಅದರ ಮೇಲೆ ಮಳೆಯ ಕಪ್ಪು, ಬೋಲ್ಟುಗಳ ಸಾಲಿನಲ್ಲಿ ಮಾತ್ರ ಆ ಗೆರೆ. ಸೊನ್ನೆ ನಂಬರ್ ಬ್ರಷ್ಷಿನಲ್ಲಿ ಎಳೆಯಿರಿ, ಎಲ್ಲ ಬೋಲ್ಟಿಗೂ ಎಳೆಯಬೇಡಿ.

ಇನ್ನು ಕಟ್ಟಡದ ಆಕಾರ. ನಿಮ್ಮದು ಒಂದೇ ಎತ್ತರಕ್ಕೆ ಉದ್ದಕ್ಕೆ ಇದೆ. ಒಳಗೆ ಬಕೆಟ್ ಎಲಿವೇಟರ್‌ಗಳು ಕಾಳನ್ನು ಮೇಲಕ್ಕೆ ಎತ್ತಿ, ಗಾತ್ರ ನೋಡಿ ಬೇರ್ಪಡಿಸುವ ಗ್ರೇಡರ್‌ಗೆ ಸುರಿಯಬೇಕು, ಅದಕ್ಕೆ ಎತ್ತರ ಬೇಕು. ಮಧ್ಯದಲ್ಲಿ ಒಂದು ಭಾಗ ತಲೆ ಎತ್ತಲಿ, ಎರಡೂ ಕಡೆ ತಗ್ಗಿನ ಗೋಡೌನು. ಲೈಟು, ಬೋರ್ಡು ಎಲ್ಲ ಆಮೇಲೆ ನೋಡಿಕೊಳ್ಳಿ.

ಗಾಳಿಬೀಡಿನವಳು (ಮಡಿಕೇರಿ)

ಫಿಟ್ಟರ್ ಅಣ್ಣ ಮೆಷಿನ್ ಮಾತ್ರ ಹೇಳಿದರು, ಜನರನ್ನು ಬಿಟ್ಟರು! ನನ್ನ ಅಮ್ಮ ಗಾರ್ಬ್ಲಿಂಗ್ ಹಾಲ್‌ನಲ್ಲಿ, ಅಂದರೆ ಕಾಳು ಆರಿಸುವ ಹಾಲ್‌ನಲ್ಲಿ, ಕೆಲಸ ಮಾಡಿದವರು. ಎಪ್ಪತ್ತರ ದಶಕ ಅಂದರೆ ಕೆಟ್ಟ ಕಾಳು ಆರಿಸುವುದೆಲ್ಲ ಹೆಂಗಸರ ಕೈಯಲ್ಲೇ. ಸಾಲಾಗಿ ಕೂತು ಕಪ್ಪು ಕಾಳು, ಒಡಕು ಕಾಳು ತೆಗೆಯುತ್ತಿದ್ದರು. ಅದಕ್ಕೆ ಬೆಳಕು ಬೇಕು, ಆದರೆ ಬಿಸಿಲು ನೇರ ಬೀಳಬಾರದು, ಬಣ್ಣ ತಪ್ಪು ಕಾಣುತ್ತದೆ. ಹಾಗಾಗಿ ಆ ಭಾಗದ ಕಿಟಕಿಗಳನ್ನು ಉತ್ತರಕ್ಕೆ ಇಡಿ, ಜಾಸ್ತಿ ಇಡಿ. ಗಾಜಿಗೆ ಹಳೇ ಎಕ್ಸ್‌ರೇ ಫಿಲ್ಮ್ ತೊಳೆದು ಹಾಕಬಹುದು. ಹಾಲ್‌ನ ಹೊರಗೆ ಗೋಡೆ ಬದಿಯಲ್ಲಿ ಚಪ್ಪಲಿ ಸಾಲು, ಮೊಳೆಗೆ ನೇತು ಹಾಕಿದ ಬುತ್ತಿ ಚೀಲ. ಅಷ್ಟು ಚಿಕ್ಕದು ಮಾಡುವುದಕ್ಕೆ ಆಗದಿದ್ದರೆ ಚಪ್ಪಲಿ ಬಿಡಿ, ಚೀಲ ಇರಲಿ.

ಗೋಡೆಗೆ ಹಸಿರು, ಕಪ್ಪು ಪಾಚಿ ಧಾರಾಳವಾಗಿ ಹಾಕಿ. ಕೊಡಗಿನಲ್ಲಿ ತುಕ್ಕಿಗಿಂತ ಮೊದಲು ಬರುವುದು ಅದೇ.

ಕಾಫಿ ಪುಡಿಯನ್ನು ಮಣ್ಣಿಗೆ ಹಾಕಲೇಬೇಡಿ. ಎಚ್‌ಒಗಿಂತ ಚಿಕ್ಕ ಅಳತೆಯ ನನ್ನ ಎನ್ ಸ್ಕೇಲ್ ಬೋರ್ಡಿನಲ್ಲಿ ಜುಲೈಗೆ ಬಿಳಿ ಬೂಷ್ಟು ಎದ್ದಿತು. ನಮ್ಮ ತೋಟದ ಕೆಂಪು ಮಣ್ಣನ್ನೇ ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಸೋಸಿ ಹಾಕಿ. ಪ್ಲೈವುಡ್‌ಗೆ ಅಡಿಗೂ ಪೇಂಟ್ ಹೊಡೆಯಿರಿ. ಮೇಲೆ ಮಾತ್ರ ಹೊಡೆದರೆ ಬಾಗುತ್ತದೆ.

ಫ್ರೇಸರ್‌ಪೇಟೆ_ಹಾಲ್ಟ್

ಅಯ್ಯೋ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. 1970ರ ದಶಕ ಅಂತಲೇ ಇಟ್ಟುಕೊಳ್ಳುತ್ತೇನೆ. ಎಂ12 ರಾಡ್ ತಂದು ಒಂದು ಶೀಟು ಉರುಳಿಸಿ ನೋಡಿದೆ, ನಂಬುವುದಕ್ಕೇ ಆಗಲಿಲ್ಲ. ಫಿಟ್ಟರ್ ಅಣ್ಣ, ಇನ್ನೆರಡು ಕೇಳಬೇಕು. ಎತ್ತರದ ಭಾಗ ಸೇರಿಸಿದರೆ ಶೆಡ್ಡೇ ಒಂದಡಿ ಅಗಲ ತಿನ್ನುತ್ತದೆ, ಕಣಕ್ಕೆ ಜಾಗ ಎಲ್ಲಿ? ಮೂಟೆಗಳನ್ನು ಹೇಗೆ ಮಾಡುವುದು? ಅಂಗಡಿಯ ಪ್ಲಾಸ್ಟಿಕ್ ಮೂಟೆಗಳು ದಿಂಬಿನ ಹಾಗೆ ಉಬ್ಬಿಕೊಂಡಿವೆ.

ಹಳೇ_ಫಿಟ್ಟರ್

ಶೆಡ್ಡನ್ನು ಪೂರ್ತಿ ಕಟ್ಟುವುದೇಕೆ? ಹಿಂದಿನ ಗೋಡೆಗೆ ಒರಗಿಸಿ ಮುಂದಿನ ಅರ್ಧ ಮಾತ್ರ ಕಟ್ಟಿ. ನಾಲ್ಕು ಇಂಚು ಆಳ ಸಾಕು, ಎತ್ತರದ ಭಾಗವನ್ನು ಹಿಂದಿನ ಚಿತ್ರದ ಹಲಗೆಗೇ ಚಪ್ಪಟೆಯಾಗಿ ಅಂಟಿಸಿ. ನಿಮ್ಮ ಎಂಟು ಅಡಿ ಅಂದರೆ ನಿಜದಲ್ಲಿ 212 ಮೀಟರ್ ಅಷ್ಟೇ. ಎಲ್ಲವನ್ನೂ ಪೂರ್ತಿ ತೋರಿಸುವುದಕ್ಕೆ ಹೋದರೆ ಏನೂ ಉಳಿಯುವುದಿಲ್ಲ. ಕಣವನ್ನು ಮುಂದಿನ ಅಂಚಿಗೆ ತನ್ನಿ, ಅರ್ಧಕ್ಕೇ ಬೋರ್ಡು ಮುಗಿಯಲಿ. ಉಳಿದರ್ಧ ನೋಡುವವನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾನೆ. ತೇವ ಜಾಸ್ತಿ ಇದ್ದ ಮಾಲು ಮಾತ್ರ ಕಣಕ್ಕೆ ಬರುವುದು, ಹಾಗಾಗಿ ಕಣ ಪೂರ್ತಿ ತುಂಬಿಸಬೇಡಿ. ಒಂದು ಮೂಲೆಯಲ್ಲಿ ಹರವಿ, ಹಳೇ ಬಾಚಣಿಗೆಯಿಂದ ಸಾಲು ಎಳೆಯಿರಿ.

ಮೂಟೆಗೆ ಎಂ-ಸೀಲ್. 10 ಮಿ.ಮೀ. ಉದ್ದ, 6–7 ಮಿ.ಮೀ. ಅಗಲ ಉಂಡೆ ಕಟ್ಟಿ, ಬ್ಯಾಂಡೇಜ್ ಬಟ್ಟೆಗೆ ಒತ್ತಿದರೆ ಗೋಣಿಯ ನೇಯ್ಗೆ ಮೂಡುತ್ತದೆ. ಗಟ್ಟಿಯಾಗುವ ಮೊದಲೇ ಅಟ್ಟಿ ಹಾಕಿ. ಅದೇ ಗುಟ್ಟು. ಕೆಳಗಿನ ಮೂಟೆ ಮೇಲಿನ ಭಾರಕ್ಕೆ ಚಪ್ಪಟೆ ಆಗಬೇಕು, ಮೂಲೆಗಳು ಕಿವಿಯ ಹಾಗೆ ಎದ್ದು ನಿಲ್ಲಬೇಕು. ಒಂದು ಸಾಲು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ. ನೇರ ನೆಲದ ಮೇಲೆ ಇಡಬೇಡಿ, ಅಡಿಗೆ ಬೆಂಕಿಕಡ್ಡಿ ಸೀಳಿ ಹಲಗೆ ಕೊಡಿ. ಗೋಡೆಗೂ ತಾಗಿಸಬೇಡಿ, ತೇವ ಎಳೆಯುತ್ತದೆ. ನಮ್ಮ ಸ್ಟೋರ್‌ಕೀಪರ್ ನೋಡಿದ್ದರೆ ಬೈಯುತ್ತಿದ್ದರು.

ಗಾಳಿಬೀಡಿನ ತಂಗಿ, ಕಿಟಕಿ ಮಾತು ನೂರಕ್ಕೆ ನೂರು ಸರಿ, ಆ ಹಾಲ್ ನನಗೆ ಹೊಳೆದಿರಲಿಲ್ಲ. ಪಾಚಿಗೆ ಮಾತ್ರ ಒಪ್ಪುವುದಿಲ್ಲ. ನೀವು ಹೇಳುತ್ತಿರುವುದು ಮಡಿಕೇರಿ ಗೋಡೆ. ಕುಶಾಲನಗರದಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ. ಬಿಸಿಲಿದೆ, ಸಮತಟ್ಟು ಜಾಗ ಇದೆ, ಕ್ಯೂರಿಂಗ್‌ಗೆ ಬೇಕಾದದ್ದೂ ಅದೇ. ಅಲ್ಲಿ ಗೋಡೆಯ ಬುಡದಲ್ಲಿ ಎರಡಡಿ ಎತ್ತರಕ್ಕೆ ಕೆಂಪು ಮಣ್ಣು ಸಿಡಿದ ಕಲೆ ಇರುತ್ತದೆ, ಎಚ್‌ಒದಲ್ಲಿ 7 ಮಿ.ಮೀ. ಪಾಚಿ, ಚಾವಣಿಯ ನೀರಿನ ದೋಣಿಯ ಪೈಪು ಸೋರುವ ಕಡೆ ಒಂದು ಪಟ್ಟೆ ಇದ್ದರೆ ಸಾಕು. ಅದೇ ಕಾರಣಕ್ಕೆ ಹಿಂದಿನ ಚಿತ್ರದಲ್ಲಿ ದೊಡ್ಡ ಬೆಟ್ಟ, ಸುರಂಗ ಬೇಡ. ರೈಲು ಬರುವುದು ಪಿರಿಯಾಪಟ್ಟಣದ ಕಡೆಯಿಂದ, ಬಯಲಿನಲ್ಲಿ. ಬೆಟ್ಟ ದೂರದಲ್ಲಿ ತಿಳಿ ನೀಲಿಯಾಗಿ ಕಂಡರೆ ಆಯಿತು.

ಚೆರಿ ಹೊಟ್ಟು ಬೇಕಾದರೆ ಈಗಲೇ ಯಾವುದಾದರೂ ಹಲ್ಲಿಂಗ್ ಮಿಲ್ಲಿನ ಹತ್ತಿರ ಹೋಗಿ ಒಂದು ಕವರ್ ತುಂಬಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ. ಜೂನ್ ದಾಟಿದರೆ ಸಿಗುವುದು ಒದ್ದೆ ಹೊಟ್ಟು, ಅದರಲ್ಲಿ ಹುಳ ಇರುತ್ತದೆ.