ಸಹಾಯ ಬೇಕು: ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಯಾವ ಕಡೆಯಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ, ನಾನು ಬಳ್ಳಾರಿಯವನು. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಪೂರ್ತಿ ನಡೆಯಬೇಕು ಅಂತ ತುಂಬಾ ದಿನದ ಆಸೆ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿ.ಮೀ. ರಜೆ, ದುಡ್ಡು ಎಲ್ಲ ಹೊಂದಿಸಿದ್ದೇನೆ. ದಿಕ್ಕು ಮಾತ್ರ ತೀರ್ಮಾನ ಆಗುತ್ತಿಲ್ಲ.

ಜಾಸ್ತಿ ಜನ ಏಪ್ರಿಲ್-ಮೇನಲ್ಲಿ ದಕ್ಷಿಣದ ಕ್ಯಾಂಪೋದಿಂದ ಹೊರಡುತ್ತಾರೆ. ಮೊದಲ ಸಾವಿರ ಕಿ.ಮೀ. ಹೆಚ್ಚೂ ಕಡಿಮೆ ಒಣ ಮರುಭೂಮಿ. ಬಿಸಿಲಿಗೆ ನಾನು ಹೆದರುವುದಿಲ್ಲ, ಬೇಸಿಗೆಯಲ್ಲೂ ಸಂಡೂರಿನ ಗುಡ್ಡಗಳಲ್ಲಿ ನೀರಿನ ಕ್ಯಾನ್ ಹೊತ್ತು ನಡೆದ ಅಭ್ಯಾಸ ಇದೆ. ಭಯ ಇರುವುದು ಆಮೇಲೆ ಬರುವ ಸಿಯೆರಾ ನೆವಾಡಾ ಪರ್ವತ ಸಾಲಿನದ್ದು. ಜೂನ್‌ನಲ್ಲಿ ಅಲ್ಲಿ ಇನ್ನೂ ಹಿಮ, ಕರಗಿದ ನೀರಿಗೆ ಹೊಳೆಗಳು ತುಂಬಿ ಹರಿಯುತ್ತವೆ, ಫಾರೆಸ್ಟರ್ ಪಾಸ್ ಬೇರೆ 4,000 ಮೀಟರ್ ಎತ್ತರ. ನಾನು ಹಿಮದ ಮೇಲೆ ಕಾಲಿಟ್ಟವನೇ ಅಲ್ಲ.

ಉತ್ತರದಿಂದ ಹೊರಡಲು ಜೂನ್ ಕೊನೆ ಅಥವಾ ಜುಲೈವರೆಗೆ ಕಾಯಬೇಕು. ಕೆನಡಾದಿಂದ ದಾಟಿ ಬರುವ ಹಾಗಿಲ್ಲ, ಅಮೆರಿಕದೊಳಗೇ ಇರುವ ಹಾರ್ಟ್ಸ್ ಪಾಸ್‌ನಿಂದ ಗಡಿಯ ಕಂಬದವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಉತ್ತರದ ವಾಷಿಂಗ್ಟನ್ ರಾಜ್ಯದ ಕಡಿದಾದ ಜಾಗಗಳಲ್ಲಿ ಶುರುವಿನಲ್ಲೇ ಹಿಮ ಸಿಗಬಹುದು. ಆದರೆ ಸಿಯೆರಾ ತಲುಪುವಾಗ ಸೆಪ್ಟೆಂಬರ್ ಆಗಿ ಹೊಳೆಗಳು ಇಳಿದಿರುತ್ತವೆ, ಹೊಸ ಹಿಮ ಬೀಳುವ ಮುಂಚೆ ದಾಟಿಬಿಟ್ಟರೆ ಸಾಕು, ಅಲ್ವಾ? ನನ್ನ ಮನಸ್ಸು ಇದರ ಕಡೆಗೇ ವಾಲುತ್ತಿದೆ. ಈ ಕಡೆಯಿಂದ ನಡೆಯುವವರು ಕಡಿಮೆ, ಒಬ್ಬನೇ ಇರಬೇಕಾಗುತ್ತದೆ ಅಂತ ಅಮ್ಮನಿಗೆ ಚಿಂತೆ.

ನಡೆದಿರುವ ಅಣ್ಣಂದಿರು, ಅಕ್ಕಂದಿರು ದಯವಿಟ್ಟು ಹೇಳಿ. ಹಿಮದ ಅನುಭವ ಇಲ್ಲದವನಿಗೆ ಜುಲೈನ ವಾಷಿಂಗ್ಟನ್ ವಾಸಿಯೋ, ಜೂನ್‌ನ ಸಿಯೆರಾ ವಾಸಿಯೋ? ಮೊದಲು ಮನಾಲಿ ಕಡೆ ಒಂದು ಬೇಸಿಕ್ ಪರ್ವತಾರೋಹಣ ಕೋರ್ಸ್ ಮಾಡಿಕೊಂಡರೆ ಸಾಕಾಗುತ್ತದಾ? ಪರ್ಮಿಟ್ ಅರ್ಜಿಯಲ್ಲೇ ಹೊರಡುವ ಜಾಗ, ತಾರೀಖು ಹಾಕಬೇಕು, ಅದಕ್ಕೇ ಈಗಲೇ ಕೇಳುತ್ತಿದ್ದೇನೆ.