ದೊಡ್ಡಪ್ಪನ ಆರ್‌ಎಕ್ಸ್ 100, ಚೇತು ಹಾಕಿದ ಎಸ್ಟಿಮೇಟ್

(ಬೆಂಗಳೂರಿನ ನಮ್ಮ ಮನೆಯ ವಾಟ್ಸಾಪ್ ಗುಂಪು. ಬೈಕು 1994ರ ಮಾಡೆಲ್ ಯಮಹಾ, ಟೂ ಸ್ಟ್ರೋಕ್. ಆರ್‌ಸಿ ದೊಡ್ಡಪ್ಪನ ಹೆಸರಿನಲ್ಲಿ, ಓಡಿಸುವವರು ನಾವೆಲ್ಲ.)

ಚೇತು: [ಫೋಟೊ] ಮೆಕ್ಯಾನಿಕ್ ಬರೆದುಕೊಟ್ಟಿದ್ದು. ಪೋರ್ಟಿಂಗ್ (ಸಿಲಿಂಡರ್‌ನ ಕಿಂಡಿಗಳನ್ನು ಉಜ್ಜಿ ಹಿಗ್ಗಿಸುವುದು), ಹೆಡ್ ಇಳಿಸುವುದು (ಹೆಡ್ ಉಜ್ಜಿ ಕಂಪ್ರೆಷನ್ ಏರಿಸುವುದು), ದೊಡ್ಡದಾದ 28 ಎಂಎಂ ಕಾರ್ಬುರೇಟರ್, ಎಕ್ಸ್‌ಪಾನ್ಶನ್ ಚೇಂಬರ್ (ರೇಸ್ ಸೈಲೆನ್ಸರ್). ಎಲ್ಲರೂ ಪಾಲು ಹಾಕಿದರೆ ಈ ತಿಂಗಳೇ ಮುಗಿಸಬಹುದು. ಗಾಡಿ ಹಾರುತ್ತದೆ!

ರಮ್ಯಾ ಅಕ್ಕ: ಎಲ್ಲಿ ಹಾರುತ್ತದೆ? ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಾ?

ಚಿಕ್ಕಪ್ಪ: ಈಗ ಗಾಡಿಗೆ ಏನಾಗಿದೆ, ಅದನ್ನು ಮೊದಲು ಹೇಳು.

ಚೇತು: ಪಿಕಪ್ ಇಲ್ಲ ಚಿಕ್ಕಪ್ಪ. ಹಿಂದೆ ಒಬ್ಬರು ಕೂತರೆ ಫ್ಲೈಓವರ್ ಏರುವಾಗ ಮೂರನೇ ಗೇರ್‌ಗೆ ಇಳಿಸಬೇಕು. ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ ತಾನಾಗೇ ಏರುತ್ತದೆ. 98 ಸಿಸಿ ಅಲ್ವಾ, ಅಷ್ಟೇ ಅದರ ಶಕ್ತಿ.

ಚಿಕ್ಕಪ್ಪ: ಇದೇ 98 ಸಿಸಿ ಹೊಸದರಲ್ಲಿ 11 ಎಚ್‌ಪಿ ಕೊಡುತ್ತಿತ್ತು. ಐಡ್ಲಿಂಗ್ ಏರಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ನನಗೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಮೇಲೆ ಅನುಮಾನ, ಅದೇ ಕ್ರ್ಯಾಂಕ್‌ ಶಾಫ್ಟಿನ ತುದಿಯ ರಬ್ಬರ್ ಬಳೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು, ಗಾಳಿ, ಆಯಿಲ್ ಎಲ್ಲ ಕ್ರ್ಯಾಂಕ್‌ಕೇಸ್ (ಸಿಲಿಂಡರ್ ಕೆಳಗಿನ ಗೂಡು) ದಾಟಿಯೇ ಮೇಲೆ ಹೋಗಬೇಕು. ಸೀಲ್ ಹೋದರೆ ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ. ಪಿಸ್ಟನ್ ಕಾದು ಸಿಲಿಂಡರ್‌ಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಅದರ ಮೇಲೆ ಹೆಡ್ ಇಳಿಸಿ ಕಂಪ್ರೆಷನ್ ಬೇರೆ ಏರಿಸುತ್ತೀಯಾ?

ನಾನು: ಬಿಳಿ ಹೊಗೆಯೂ ಬರುತ್ತಿದೆ.

ಚಿಕ್ಕಪ್ಪ: ಹಾಗಾದರೆ ಕ್ಲಚ್ ಕಡೆಯ ಸೀಲನ್ನೂ ನೋಡಬೇಕು. ಗೇರ್ ಆಯಿಲ್ ಎಳೆದು ಸುಡುತ್ತಿರಬಹುದು.

ಚೇತು: ಸೀಲೂ ಹಾಕಿಸೋಣ, ಪೋರ್ಟಿಂಗೂ ಮಾಡಿಸೋಣ. ಸಿಲಿಂಡರ್ ಕೊರೆದು 1 ಎಂಎಂ ಬೋರ್ ಮಾಡಿಸಿದರೆ ಸಿಸಿನೂ ಏರುತ್ತದೆ.

ಚಿಕ್ಕಪ್ಪ: ಲೆಕ್ಕ ಹಾಕು. ಬೋರ್ ಅಂದರೆ ಸಿಲಿಂಡರ್ ಅಗಲ 50 ಎಂಎಂ, ಸ್ಟ್ರೋಕ್ ಅಂದರೆ ಪಿಸ್ಟನ್ ಓಡುವ ದೂರ 50. 51ಕ್ಕೆ ಏರಿಸಿದರೆ 102 ಸಿಸಿ. ನಾಲ್ಕು ಸಿಸಿಗೋಸ್ಕರ ಬ್ಲಾಕ್ ಹಾಳು ಮಾಡುತ್ತೀಯಾ? ಬೋರ್ ಮಾಡಿಸುವುದು ಸವೆದದ್ದನ್ನು ಸರಿಮಾಡಲು. ಕಾಲು ಎಂಎಂ ಸಾಕಾದರೆ ಕಾಲೇ. ಪೋರ್ಟಿಂಗ್ ಇನ್ನೂ ಅಪಾಯ. ಎಗ್ಸಾಸ್ಟ್ ಪೋರ್ಟ್ ಮೇಲಕ್ಕೆ ಉಜ್ಜಿದರೆ ಪವರ್ ಬರುವುದು ಮೇಲಿನ ಆರ್‌ಪಿಎಂನಲ್ಲಿ. ಕೆಳಗೆ ಸತ್ತ ಹಾಗೆ. ಈ ಊರಿನ ಟ್ರಾಫಿಕ್‌ಗೆ ಬೇಕಿರುವುದು ಕೆಳಗಿನದೇ. ಉಜ್ಜಿದ ಮೇಲೆ ವಾಪಸ್ ಅಂಟಿಸಲು ಆಗುವುದಿಲ್ಲ ಕಣೋ.

ಅತ್ತೆ: ನಾಳೆ ಊಟಕ್ಕೆ ಎಷ್ಟು ಜನ? ನಿನ್ನೆಯಿಂದ ಕೇಳುತ್ತಿದ್ದೇನೆ.

ರಮ್ಯಾ ಅಕ್ಕ: ನಾವು ನಾಲ್ಕು ಜನ ಅತ್ತೆ. ಚೇತು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿದ್ದೀಯಾ? ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಅದೂ ಮಾಲೀಕರಿಗೆ.

ದೊಡ್ಡಪ್ಪ: ಅಂದರೆ ನನಗೆ!

ಚೇತು: ಎಲ್ಲರೂ ಮಾಡಿಸುತ್ತಾರೆ ದೊಡ್ಡಪ್ಪ. ಯಾರೂ ಹಿಡಿಯುವುದಿಲ್ಲ.

ನಾನು: ಚೇಂಬರ್ ಸದ್ದಿಗೆ ಮೊದಲ ಸಿಗ್ನಲ್‌ನಲ್ಲೇ ಹಿಡಿಯುತ್ತಾರೆ. ಇನ್ನೊಂದು, ಮುಂದಿನ ಬ್ರೇಕೂ ಡ್ರಮ್ಮೇ. ಹಾರಿದ ಮೇಲೆ ನಿಲ್ಲಿಸುವುದು ಹೇಗೆ? ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೆಸಿ ಎಷ್ಟು ವರ್ಷವಾಯಿತೋ. ಅಲ್ಲೇ ಅರ್ಧ ಪಿಕಪ್ ಸಿಕ್ಕಿಕೊಂಡಿರಬಹುದು.

ಚೇತು: ಸರಿಯಪ್ಪ. ಚೇಂಬರ್ ಮಾತ್ರ ನನ್ನ ದುಡ್ಡಿನಲ್ಲಿ?

ದೊಡ್ಡಪ್ಪ: ದುಡ್ಡು ನಿನ್ನದು, ಆರ್‌ಸಿ ನನ್ನದು. ಬೇಡ.

ಚಿಕ್ಕಪ್ಪ: ಬುಧವಾರ ಎಂಜಿನ್ ಬಿಚ್ಚಿಸೋಣ. ಸೀಲ್, ಕ್ರ್ಯಾಂಕ್ ಬೇರಿಂಗ್, ರಿಂಗ್ ನೋಡಿ ಬೇಕಾದ್ದನ್ನು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ತರೋಣ. ಡೂಪ್ಲಿಕೇಟ್ ಜಾಸ್ತಿ, ನಾನೂ ಬರುತ್ತೇನೆ. ಎಲ್ಲರೂ ಪಾಲು ಹಾಕಿ.

ರಮ್ಯಾ ಅಕ್ಕ: ನನ್ನ ಪಾಲು ಕಳಿಸುತ್ತೇನೆ.

ಚೇತು: ನಾನೂ ಬರುತ್ತೇನೆ. 28 ಎಂಎಂ ಕಾರ್ಬುರೇಟರ್ ಸುಮ್ನೆ ರೇಟ್ ಕೇಳಿಕೊಂಡು ಬರೋಣ, ಅಷ್ಟೇ.