ಫಾರಿನ್ ನಾಯಿಗೆ ಪೇಪರ್ ಉಂಟು, ನೋಂದಣಿ ಮಾತ್ರ ಯಾಕೆ ಆಗುವುದಿಲ್ಲ?

ಈ ಸಲದ ಪ್ರಶ್ನೋತ್ತರ ಹೊರದೇಶದಿಂದ ತಂದ ಜಾತಿ ನಾಯಿಗಳ ನೋಂದಣಿ ಬಗ್ಗೆ. ಕಾಗದಪತ್ರದ ವಿಚಾರಕ್ಕೆ ನೋಂದಣಿ ಸಲಹೆಗಾರರು, ಮೈಕ್ರೋಚಿಪ್ (ಗುರುತಿಗಾಗಿ ಚರ್ಮದಡಿ ಹಾಕುವ ಚಿಪ್) ಮತ್ತು ಲಸಿಕೆಯ ವಿಚಾರಕ್ಕೆ ಪಶುವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ (ಬಿಜೈ, ಮಂಗಳೂರು): ಸರ್, ಜರ್ಮನಿಯಿಂದ ಜರ್ಮನ್ ಶೆಫರ್ಡ್ ಗಂಡು ತರಿಸಿದ್ದೇವೆ, ಈಗ ಏಳು ತಿಂಗಳು. ಗುಲಾಬಿ ಬಣ್ಣದ ಒರಿಜಿನಲ್ ಪೆಡಿಗ್ರಿ (ವಂಶಾವಳಿ ಪತ್ರ) ಕೈಯಲ್ಲೇ ಉಂಟು. ಇಲ್ಲಿ ನೋಂದಣಿಗೆ ಹಾಕಿದ್ರೆ ಮಾಲಕರ ಹೆಸರು ಸರಿಯಿಲ್ಲ ಅಂತ ಅರ್ಜಿ ವಾಪಸ್ ಬಂತು. ಬ್ಯಾಂಕಿನಿಂದ ಹಣ ಕಳಿಸಿದ ರಸೀದಿ ಉಂಟು, ಅದು ಸಾಕಾಗುವುದಿಲ್ವಾ? ಎಂತ ಮಾಡುವುದು ಈಗ?

ಉತ್ತರ (ನೋಂದಣಿ ಸಲಹೆಗಾರರು): ಸಾಕಾಗುವುದಿಲ್ಲ. ರಸೀದಿ ನೀವು ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ ಅಷ್ಟೆ. ತಳಿಪುಸ್ತಕದಲ್ಲಿ, ಅಂದರೆ ಆ ತಳಿಯ ನಾಯಿಗಳ ದಾಖಲೆಯಲ್ಲಿ, ನಾಯಿ ಯಾರ ಹೆಸರಿನಲ್ಲಿದೆ ಎಂಬುದು ಬೇರೆ ಪ್ರಶ್ನೆ, ನಿಮ್ಮ ಅರ್ಜಿ ತಡೆದದ್ದು ಅಲ್ಲಿ.

ಜರ್ಮನ್ ಶೆಫರ್ಡ್‌ಗಳ ತಳಿಪುಸ್ತಕ ಇಡುವುದು ಎಸ್‌ವಿ ಎಂಬ ತಳಿ ಸಂಘ. 1899ರಲ್ಲಿ ಹುಟ್ಟಿದ್ದು, ಕಚೇರಿ ಔಗ್ಸ್‌ಬುರ್ಗ್‌ನಲ್ಲಿ. ಅದರ ಮೇಲೆ ಡಾರ್ಟ್‌ಮುಂಡ್‌ನಲ್ಲಿರುವ ಜರ್ಮನಿಯ ನಾಯಿ ಸಂಘಗಳ ಒಕ್ಕೂಟ ವಿಡಿಎಚ್, ಅದಕ್ಕೂ ಮೇಲೆ ಬೆಲ್ಜಿಯಂನಲ್ಲಿರುವ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಸಿಐ. ನಮ್ಮ ಕಡೆಗೆ ಬಂದರೆ ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ, ಇದೇ ಎಫ್‌ಸಿಐ ಜಾಲದ ಒಳಗಿದೆ. ಆಮದಾದ ನಾಯಿಯ ವಂಶವನ್ನು ಇಲ್ಲಿ ಯಾರೂ ಹೊಸದಾಗಿ ವಿಚಾರಿಸುವುದಿಲ್ಲ. ಮೂಲ ದೇಶದ ಪುಸ್ತಕದಲ್ಲಿ ಇದ್ದದ್ದನ್ನು ಇಲ್ಲಿನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಉಳಿದುಹೋದ ತಪ್ಪನ್ನು ಇಲ್ಲಿ ಅಫಿಡವಿಟ್ ಕೊಟ್ಟು ಸರಿಮಾಡಲು ಆಗುವುದಿಲ್ಲ. ತುಂಬ ಜನ ನೋಟರಿ ಹತ್ತಿರ ಹೋಗಿ ಛಾಪಾ ಕಾಗದ ಮಾಡಿಸಿ ಕಳಿಸುತ್ತಾರೆ, ಅದು ಸುಮ್ಮನೆ ದಂಡ.

ಈಗ ಪೆಡಿಗ್ರಿಯನ್ನು ತಿರುಗಿಸಿ ನೋಡಿ. ಮಾಲಕತ್ವ ಬದಲಾವಣೆಗೆಂದೇ ಒಂದು ಜಾಗ ಇರುತ್ತದೆ. ಅದರಲ್ಲಿ ನಿಮ್ಮ ಹೆಸರು, ವಿಳಾಸ, ಹಸ್ತಾಂತರದ ತಾರೀಕು, ಕೊಟ್ಟವರ ಸಹಿ ನಾಲ್ಕೂ ಇರಬೇಕು. ಮಧ್ಯದಲ್ಲಿ ಏಜೆಂಟ್ ಇದ್ದರೆ ಹೆಚ್ಚಾಗಿ ಈ ಜಾಗ ಖಾಲಿ ಬಂದಿರುತ್ತದೆ, ಅಥವಾ ಏಜೆಂಟರ ಹೆಸರು ಕೂತಿರುತ್ತದೆ. ಇದರ ಜೊತೆಗೆ ವಿಡಿಎಚ್‌ನ ವಿದೇಶಿ ಮಾನ್ಯತೆಯ ಮೊಹರು ಇದೆಯಾ ಎಂದೂ ನೋಡಿ. ಜರ್ಮನಿಯಲ್ಲಿ ಅದಕ್ಕೆ ಔಸ್‌ಲಾಂಡ್ಸ್‌ಆನೆರ್ಕೆನ್ನುಂಗ್ ಎನ್ನುತ್ತಾರೆ. ಬ್ರೀಡರ್‌ಗೆ ಮೇಲ್ ಹಾಕುವಾಗ ಈ ಶಬ್ದವನ್ನೇ ಬರೆಯಿರಿ. ಬರೇ 'ಎಕ್ಸ್‌ಪೋರ್ಟ್ ಪೇಪರ್ ಕೊಡಿ' ಎಂದರೆ ಆರೋಗ್ಯ ಪ್ರಮಾಣಪತ್ರ ಕಳಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ.

ಎರಡರಲ್ಲಿ ಒಂದು ಇಲ್ಲದಿದ್ದರೂ ಒರಿಜಿನಲ್ ವಾಪಸ್ ಜರ್ಮನಿಗೆ ಹೋಗಲೇಬೇಕು. ಕಳಿಸುವ ಮೊದಲು ಎರಡೂ ಬದಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲೇ ಹಾಕಿ, ಸಹಿಗೂ ಮೊಹರಿಗೂ ಒಂದೇ ಸಲ ಕೇಳಿ. ಇಲ್ಲದಿದ್ದರೆ ಅದೇ ಲಕೋಟೆ ಎರಡು ಸಲ ಸಮುದ್ರ ದಾಟಬೇಕಾಗುತ್ತದೆ.

ಗುಲಾಬಿ ಬಣ್ಣ ನೋಡಿ ಎಲ್ಲ ಸರಿಯಿದೆ ಎಂದುಕೊಂಡಿರಬಹುದು. ತಂದೆ ತಾಯಿ ಇಬ್ಬರೂ ತಳಿ ಪರೀಕ್ಷೆ ದಾಟಿದ್ದಾರೆ ಎಂದಷ್ಟೇ ಆ ಬಣ್ಣ ಹೇಳುತ್ತದೆ. ಬಿಳಿ ಕಾಗದ ಬಂದರೆ ಅದು ನಕಲಿಯಲ್ಲ, ಗುಲಾಬಿ ಬಂದರೆ ಮಾಲಕತ್ವ ತಾನಾಗಿ ನಿಮ್ಮದಾಗುವುದೂ ಇಲ್ಲ.

ಬಿಜೈಯ ಅದೇ ಓದುಗರು: ಅರ್ಥ ಆಯ್ತು ಸರ್. ಬ್ರೀಡರ್ ಹತ್ರ ಯಾವ ಹೆಸರು ಬರೆಸುವುದು? ಆಧಾರ್‌ನಲ್ಲಿ ಇನಿಷಿಯಲ್ ಉಂಟು, ಪಾಸ್‌ಪೋರ್ಟ್‌ನಲ್ಲಿ ತಂದೆ ಹೆಸರು ಪೂರ್ತಿ ಉಂಟು.

ಉತ್ತರ (ನೋಂದಣಿ ಸಲಹೆಗಾರರು): ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ, ಸ್ಪೆಲಿಂಗ್ ಸಮೇತ. ಆಮದಿನ ಕಾಗದಗಳೆಲ್ಲ ಅದೇ ಹೆಸರಿನಲ್ಲಿ ಇರುತ್ತವೆ, ನೋಂದಣಿಯೂ ಅದಕ್ಕೇ ಹೊಂದಬೇಕು. ನಮ್ಮ ಕಡೆ ಊರಿನ ಹೆಸರು, ಮನೆತನದ ಹೆಸರು, ಇನಿಷಿಯಲ್ ಎಲ್ಲ ಹಿಂದೆ ಮುಂದೆ ಆಗುವುದು ಸಾಮಾನ್ಯ. ಅದಕ್ಕೆ ಬ್ರೀಡರ್‌ಗೆ ಹೆಸರನ್ನು ಫೋನಿನಲ್ಲಿ ಹೇಳಬೇಡಿ, ಪಾಸ್‌ಪೋರ್ಟ್ ಪುಟದ ಚಿತ್ರವನ್ನೇ ಕಳಿಸಿ. ಗಂಡ ಹೆಂಡತಿ ಇಬ್ಬರ ಹೆಸರೂ ಬರೆಸಿದರೆ ಮುಂದೆ ಪ್ರತಿ ಅರ್ಜಿಗೂ ಇಬ್ಬರ ಸಹಿ ಬೇಕಾಗುತ್ತದೆ, ಒಬ್ಬರು ಗಲ್ಫ್‌ನಲ್ಲಿದ್ದರೆ ಅದೇ ದೊಡ್ಡ ತೊಂದರೆ.

ಪ್ರಶ್ನೆ (ಮಣಿಪಾಲ): ನಮಸ್ಕಾರ. ಅಣ್ಣ ದುಬೈಯಲ್ಲಿ ಇರುವುದು. ಅಲ್ಲಿನ ಒಂದು ಅಂಗಡಿಯಿಂದ ಉಕ್ರೇನಿನ ಪೊಮೆರೇನಿಯನ್ ತಗೊಂಡಿದ್ದಾನೆ, ಊರಿಗೆ ಬರುವಾಗ ತರ್ತಾನೆ. 'ಪೇಪರ್' ಅಂತ ಅಂಗಡಿಯವರು ಕೊಟ್ಟದ್ದು ಒಂದು ಪಪ್ಪಿ ಕಾರ್ಡ್. ಅದರ ಮೇಲೆ ಇಲ್ಲಿ ನೋಂದಣಿ ಆಗ್ತದಾ? ಮಂಗಳೂರು ಏರ್‌ಪೋರ್ಟಿಗೇ ತರಬಹುದಾ?

ಉತ್ತರ (ನೋಂದಣಿ ಸಲಹೆಗಾರರು): ನಾಯಿ ಇನ್ನೂ ದುಬೈಯಲ್ಲೇ ಇರುವುದು ಒಳ್ಳೆಯದಾಯಿತು, ಈಗ ಸರಿಮಾಡಿಕೊಳ್ಳಬಹುದು.

ಪಪ್ಪಿ ಕಾರ್ಡ್ ಪೆಡಿಗ್ರಿಯಲ್ಲ. ಇಂಥ ಸೂಲಿನಲ್ಲಿ ಇಂಥ ಮರಿ ಹುಟ್ಟಿದೆ ಎಂದು ಹೇಳುವ ಚೀಟಿ ಅದು. ರಷ್ಯ, ಉಕ್ರೇನ್ ಕಡೆ ಅದನ್ನು ಕ್ಲಬ್ಬಿಗೆ ಒಪ್ಪಿಸಿ ಪೆಡಿಗ್ರಿ ಪಡೆಯಬೇಕು. ಆ ಪೆಡಿಗ್ರಿಯಲ್ಲೂ ಎರಡು ಬಗೆ, ದೇಶದೊಳಗಿನ ಬಳಕೆಗೆ ಒಂದು, ಹೊರದೇಶಕ್ಕೆ ಒಂದು. ನಿಮಗೆ ಬೇಕಾದದ್ದು ಎರಡನೆಯದು, ಎಕ್ಸ್‌ಪೋರ್ಟ್ ಪೆಡಿಗ್ರಿ. ಮೂರು ತಲೆಮಾರಿನ ಹೆಸರು, ಎಫ್‌ಸಿಐ ಗುರುತು, ಚಿಪ್ ನಂಬರ್, ಮಾಲಕರಾಗಿ ನಿಮ್ಮ ಅಣ್ಣನ ಹೆಸರು ಅದರಲ್ಲಿರಬೇಕು. ಅಂಗಡಿಯವರು ನಡುವಿನವರು, ಅವರಿಂದ ಇದು ಆಗದು. ಕಾರ್ಡಿನಲ್ಲಿರುವ ಬ್ರೀಡರ್‌ನ ಕೆನಲ್ (ಸಾಕಣೆ ಕೇಂದ್ರ) ಹೆಸರು ಹಿಡಿದು ನೇರವಾಗಿ ಬರೆಯಿರಿ. ಎಮಿರೇಟ್ಸ್ ಕೆನಲ್ ಯೂನಿಯನ್ ಕೂಡ ಎಫ್‌ಸಿಐ ಜಾಲದಲ್ಲೇ ಇದೆ, ಅಲ್ಲಿ ದಾಖಲಿಸುವುದಾದರೂ ಮೊದಲು ಉಕ್ರೇನಿನ ಕಾಗದ ಬೇಕೇ ಬೇಕು.

ಕಾರ್ಡ್ ಕೊಟ್ಟ ಕ್ಲಬ್ ಯಾವುದು ಎಂದೂ ನೋಡಿಕೊಳ್ಳಿ. ಎಫ್‌ಸಿಐಗೆ ಸೇರದ ಪರ್ಯಾಯ ಕ್ಲಬ್ಬುಗಳು ಆ ದೇಶಗಳಲ್ಲಿ ಎಷ್ಟೋ ಇವೆ, ಅವುಗಳ ಕಾಗದವೂ ಚಿನ್ನದ ಅಂಚು, ಮೊಹರು ಎಲ್ಲ ಹೊತ್ತು ಚಂದವೇ ಇರುತ್ತದೆ. ಎಫ್‌ಸಿಐ ಸದಸ್ಯ ಸಂಸ್ಥೆ, ಇಲ್ಲವೇ ಅದರೊಂದಿಗೆ ಪರಸ್ಪರ ಮಾನ್ಯತೆ ಇರುವ ಅಮೆರಿಕ, ಕೆನಡಾ, ಬ್ರಿಟನ್ನಿನ ಕೆನಲ್ ಕ್ಲಬ್ಬುಗಳು, ಇಷ್ಟರಲ್ಲಿ ಒಂದರದ್ದಾಗಿರಬೇಕು.

ಮಂಗಳೂರಿಗೆ ನೇರವಾಗಿ ತರಲು ಆಗುವುದಿಲ್ಲ. ಹೊರದೇಶದ ಪ್ರಾಣಿ ಇಳಿಯುವ ವಿಮಾನ ನಿಲ್ದಾಣದಲ್ಲಿ ಕೇಂದ್ರದ ಪ್ರಾಣಿ ಕ್ವಾರಂಟೈನ್ ಘಟಕ ಇರಬೇಕು, ಅದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿಲ್ಲ. ನಿಮಗೆ ಹತ್ತಿರದ್ದು ಬೆಂಗಳೂರು. ಅಲ್ಲಿನ ಘಟಕದಿಂದ ಮೊದಲೇ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದ ಮೇಲೆ ಟಿಕೆಟ್ ಮಾಡಲಿ. 2016ರ ಏಪ್ರಿಲ್‌ನಿಂದ ನಿಯಮ ಬಿಗಿಯಾಗಿದೆ: ಸಾಕುನಾಯಿಯಾಗಿ, ಪೆಟ್ ಬುಕ್ (ನಾಯಿಯ ಗುರುತು, ಲಸಿಕೆಯ ಪುಸ್ತಕ) ಮತ್ತು ದಾಖಲೆಗಳು ತರುವವರ ಹೆಸರಿನಲ್ಲೇ ಇದ್ದರೆ ಮಾತ್ರ ತರಬಹುದು. ಮರಿ ಮಾಡಿಸಿ ಮಾರುವ ವ್ಯಾಪಾರಕ್ಕೆ ತರುವಂತಿಲ್ಲ.

ಪಶುವೈದ್ಯರು ಸೇರಿಸಿದ್ದು: ಮೊದಲು ಚಿಪ್, ಆಮೇಲೆ ರೇಬಿಸ್ ಇಂಜೆಕ್ಷನ್. ಈ ಕ್ರಮ ತಪ್ಪಿದರೆ ಲಸಿಕೆ ಹಾಕಿದ್ದು ಇದೇ ನಾಯಿಗೆ ಎನ್ನಲು ಆಧಾರ ಇರುವುದಿಲ್ಲ. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ ಕೊಡುತ್ತೇವೆ. ರೇಬಿಸ್ ಇರುವ ದೇಶದಿಂದ ತರುವಾಗ ಲಸಿಕೆಯಾಗಿ ಒಂದು ತಿಂಗಳು ದಾಟಿರಬೇಕು. ಅಲ್ಲಿಗೆ ಮರಿಗೆ ನಾಲ್ಕು ತಿಂಗಳಾಗುತ್ತದೆ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ: ಎರಡು ತಿಂಗಳ ಮರಿಯನ್ನು ತೋರಿಸಿ 'ನಿನ್ನೆ ರಷ್ಯದಿಂದ ಬಂತು' ಎಂದು ಯಾರಾದರೂ ಮಾರುತ್ತಿದ್ದರೆ ಆ ಲೆಕ್ಕವೇ ಕೂಡುವುದಿಲ್ಲ. ಅಂಥ ಮರಿಗೆ ಮುಂದೆ ಕಾಗದವೂ ಹುಟ್ಟುವುದಿಲ್ಲ.

ಪ್ರಶ್ನೆ (ಕುಂದಾಪುರ): ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್ ಹೆಣ್ಣಿನ ಚಿಪ್ ನಂಬರ್ ಪೆಡಿಗ್ರಿಯಲ್ಲಿ ಒಂದು, ಸ್ಕ್ಯಾನ್ ಮಾಡಿದ್ರೆ ಇನ್ನೊಂದು. ಹೊಸ ಚಿಪ್ ಹಾಕಿಸಿಬಿಡಿ ಅಂತ ಒಬ್ರು ಹೇಳಿದ್ರು. ಹಾಕಿಸುವುದಾ?

ಉತ್ತರ (ಪಶುವೈದ್ಯರು): ಬೇಡ, ಈಗಲೇ ಹಾಕಿಸಬೇಡಿ. ಎರಡು ನಂಬರ್ ಎಷ್ಟು ಬೇರೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಚಿಪ್ಪಿನ ನಂಬರ್ 15 ಅಂಕೆಯದ್ದು. ಮೊದಲ ಮೂರು ಅಂಕೆ ದೇಶದ ಸಂಕೇತ, ಅಥವಾ 900ರ ಸಾಲಿನಲ್ಲಿದ್ದರೆ ತಯಾರಕರದ್ದು. ಜರ್ಮನಿಗೆ 276, ಉಕ್ರೇನಿಗೆ 804, ಎಮಿರೇಟ್ಸ್‌ಗೆ 784, ಭಾರತಕ್ಕೆ 356. ಒಂದೆರಡು ಅಂಕೆ ಹಿಂದುಮುಂದಾಗಿದ್ದರೆ ಬರೆಯುವಾಗ ಆದ ತಪ್ಪು. ಸ್ಕ್ಯಾನರ್ ಪರದೆಯ ಫೋಟೋ, ಪೆಟ್ ಬುಕ್ಕಿನಲ್ಲಿ ಅಂಟಿಸಿದ ಬಾರ್‌ಕೋಡ್ ಸ್ಟಿಕರಿನ ಚಿತ್ರ, ಪಶುವೈದ್ಯರ ಪತ್ರ, ಮೂರನ್ನೂ ಬ್ರೀಡರ್‌ಗೆ ಕಳಿಸಿ. ಅವರು ತಮ್ಮ ಕ್ಲಬ್ಬಿನಿಂದ ತಿದ್ದಿದ ಪೆಡಿಗ್ರಿ ತರಿಸಿಕೊಡಬೇಕು. ಪೆನ್ನಿನಲ್ಲಿ ಯಾರೂ ಅದರ ಮೇಲೆ ತಿದ್ದಬಾರದು, ಬ್ರೀಡರ್ ಕೂಡ.

ಕೊನೆಯ ನಾಲ್ಕೈದು ಅಂಕೆ ಮಾತ್ರ ಪೂರ್ತಿ ಬೇರೆಯಾಗಿ, ಮೊದಲಿನದ್ದು ಒಂದೇ ಆಗಿದ್ದರೆ ಸಂಶಯ ಪಡಬೇಕು. ಒಂದೇ ಸೂಲಿನ ಮರಿಗಳಿಗೆ ಒಂದೇ ಪೆಟ್ಟಿಗೆಯ ಚಿಪ್ ಹಾಕುತ್ತಾರೆ, ಹಾಗಾಗಿ ತಂಗಿಯ ಕಾಗದ ಅಕ್ಕನ ಜೊತೆ ಬಂದಿರಬಹುದು. ಬ್ರೀಡರ್ ಹತ್ತಿರ ಆ ಸೂಲಿನ ಎಲ್ಲ ಮರಿಗಳ ಚಿಪ್ ಪಟ್ಟಿ ಕೇಳಿ. ಅವರ ಉತ್ತರ ಗೊಂದಲದಲ್ಲಿದ್ದರೆ ತಂದೆ ತಾಯಿಯ ಡಿಎನ್‌ಎ ಜೊತೆ ಹೋಲಿಸುವ ಪರೀಕ್ಷೆ ಬೇಕಾಗುತ್ತದೆ. ಮರಿಯ ಮಾದರಿ ತೆಗೆಯುವಾಗ ಚಿಪ್ ಓದಿ ಫಾರ್ಮಿನಲ್ಲಿ ಬರೆಯಲೇಬೇಕು. ಆದರೆ ಒಡಹುಟ್ಟಿದ ಎರಡು ಹೆಣ್ಣುಮರಿಗಳಲ್ಲಿ ಇದು ಯಾವುದು ಎಂದು ಆ ಪರೀಕ್ಷೆ ಹೇಳುವುದಿಲ್ಲ, ಅದಕ್ಕೆ ಚಿಪ್ ಪಟ್ಟಿಯೇ ಗತಿ.

ಇನ್ನು ಸ್ಕ್ಯಾನರ್ ಏನೂ ಓದದಿದ್ದರೆ: ಚಿಪ್ ಸರಿದು ಭುಜಕ್ಕೆ, ಮೊಣಕೈವರೆಗೂ ಬಂದಿರಬಹುದು. ಕಬ್ಬಿಣದ ಸರಪಳಿ ತೆಗೆದು ಕುತ್ತಿಗೆಯಿಂದ ಎರಡೂ ಮುಂಗಾಲಿನವರೆಗೆ ನಿಧಾನಕ್ಕೆ ಆಡಿಸಬೇಕು. ಅಮೆರಿಕದಿಂದ ಬಂದ ನಾಯಿಗಳಲ್ಲಿ ಕೆಲವೊಮ್ಮೆ 9 ಅಥವಾ 10 ಅಂಕೆಯ, 125 ಕಿಲೋಹರ್ಟ್ಸ್ ಚಿಪ್ ಇರುತ್ತದೆ. ಇಲ್ಲಿಯ ಯಂತ್ರಗಳು ಹೆಚ್ಚಾಗಿ 134.2 ಮಾತ್ರ ಓದುತ್ತವೆ. ಆ ಸಂದರ್ಭದಲ್ಲಿ ಮಾತ್ರ ಎರಡನೆಯ ಚಿಪ್ ಹಾಕುತ್ತೇವೆ, ಹಳೆಯದನ್ನು ತೆಗೆಯದೆ, ಎರಡೂ ನಂಬರ್ ಇರುವ ಪತ್ರ ಕೊಟ್ಟು.

ಈ ಕೆಲಸ ಮುಂದೂಡಬೇಡಿ. ಒಂದು ವರ್ಷ ತುಂಬಿದ ಮೇಲೆ ಸೊಂಟದ ಎಕ್ಸ್‌ರೇ ಮಾಡಿಸುವಾಗ ಪ್ಲೇಟಿನ ಮೇಲೆ ಚಿಪ್ ನಂಬರ್ ಬರುತ್ತದೆ. ತಪ್ಪು ನಂಬರ್ ಅಲ್ಲಿಗೂ ಹೋದರೆ ತಿದ್ದಬೇಕಾದ ಕಾಗದ ಎರಡಾಗುತ್ತವೆ.

ಪ್ರಶ್ನೆ (ಸುರತ್ಕಲ್): ಇಂಗ್ಲೆಂಡಿನಿಂದ ತಂದ ಕಾಕರ್. ಪೆಡಿಗ್ರಿಯಲ್ಲಿ ತಳಿ ಹೆಸರು ಬರೇ 'ಕಾಕರ್ ಸ್ಪಾನಿಯಲ್'. ಇಲ್ಲಿಯ ಪಟ್ಟಿಯಲ್ಲಿ ಇಂಗ್ಲಿಷ್ ಬೇರೆ, ಅಮೆರಿಕನ್ ಬೇರೆ. ಯಾವುದು ಹಾಕುವುದು ಮಾರಾಯ್ರೆ?

ಉತ್ತರ (ನೋಂದಣಿ ಸಲಹೆಗಾರರು): ಇಂಗ್ಲಿಷ್ ಕಾಕರ್. ಬ್ರಿಟನ್ನಿನಲ್ಲಿ ಬರೇ ಕಾಕರ್ ಎಂದರೆ ಅವರದ್ದೇ ತಳಿ, ಎಫ್‌ಸಿಐ ಪಟ್ಟಿಯಲ್ಲಿ 5ನೇ ನಂಬರ್. ಅಮೆರಿಕನ್ ಕೆನಲ್ ಕ್ಲಬ್, ಅಂದರೆ ಎಕೆಸಿ, ಕಾಗದದಲ್ಲಿ ಅದೇ ಹೆಸರಿದ್ದರೆ ಅದು ಅಮೆರಿಕನ್ ಕಾಕರ್, 167ನೇ ನಂಬರ್. ಅಕಿಟಾದಲ್ಲೂ ಇದೇ ಕಥೆ: ಎಕೆಸಿಯ 'ಅಕಿಟಾ' ಎಫ್‌ಸಿಐಗೆ ಅಮೆರಿಕನ್ ಅಕಿಟಾ, 344, ಜಪಾನಿನದ್ದು 255. ತಪ್ಪು ತಳಿಗೆ ಹಾಕಿಬಿಟ್ಟರೆ ಆಮೇಲೆ ಮರಿಗಳ ನೋಂದಣಿಯಲ್ಲಿ ಸಿಕ್ಕಿಬೀಳುತ್ತೀರಿ. ಅರ್ಜಿಯಲ್ಲಿ ತಳಿಯ ಹೆಸರಿನ ಪಕ್ಕ ಎಫ್‌ಸಿಐ ನಂಬರ್ ಕೂಡ ಬರೆಯುವುದು ಒಳ್ಳೆಯ ಅಭ್ಯಾಸ.

ನಿಮ್ಮ ಕಾಗದದಲ್ಲಿ ಇನ್ನೊಂದು ನೋಡಬೇಕು. ಬ್ರಿಟನ್ನಿನ ಬ್ರೀಡರ್‌ಗಳು ನೋಂದಣಿಯ ಮೇಲೆ ನಿರ್ಬಂಧ ಹಾಕಿಸಿರುತ್ತಾರೆ. 'ಆರ್' ಗುರುತು ಇದ್ದರೆ ಇದರ ಮರಿಗಳಿಗೆ ನೋಂದಣಿ ಇಲ್ಲ, 'ಎಕ್ಸ್' ಇದ್ದರೆ ಎಕ್ಸ್‌ಪೋರ್ಟ್ ಪೆಡಿಗ್ರಿಯೇ ಸಿಗುವುದಿಲ್ಲ. ತೆಗೆಸುವ ಅಧಿಕಾರ ಹಾಕಿಸಿದವರಿಗೆ ಮಾತ್ರ. ಎಕೆಸಿಯಲ್ಲಿ 'ಆರ್' ಗುರುತಿಗೆ ಸಮನಾದದ್ದು ಲಿಮಿಟೆಡ್ ನೋಂದಣಿ. ಜರ್ಮನ್, ರಷ್ಯನ್ ಕಾಗದಗಳಲ್ಲಿ ಬಣ್ಣ ಅಥವಾ ಹಲ್ಲಿನ ದೋಷಕ್ಕಾಗಿ 'ಸಂತಾನಕ್ಕೆ ಸಲ್ಲದು' ಎಂಬ ಮೊಹರು ಅವರ ಭಾಷೆಯಲ್ಲೇ ಇರುತ್ತದೆ. ಓದಲು ಬರದ ಯಾವ ಮೊಹರನ್ನೂ ಅಲಂಕಾರ ಎಂದುಕೊಳ್ಳಬೇಡಿ, ಅರ್ಥ ಮಾಡಿಸಿಕೊಳ್ಳಿ. ಮುಂದೆ ಇಲ್ಲೇ ಮರಿ ಮಾಡಿಸುವುದಾದರೆ 2017ರ ಕೇಂದ್ರ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿಯೂ ಬೇಕು. ಅದು ಕೆಸಿಐ ಕಾಗದಕ್ಕಿಂತ ಬೇರೆ, ಒಂದಿದ್ದರೆ ಇನ್ನೊಂದು ಬೇಡ ಎಂದಿಲ್ಲ.

ಪ್ರಶ್ನೆ (ಪುತ್ತೂರು): ರಾಟ್‌ವೀಲರ್ ಬ್ಯಾನ್ ಆಗಿದೆ ಅಂತಾರಲ್ಲ, ನೋಂದಣಿಗೆ ಹಾಕಿದ್ರೆ ತೊಂದರೆ ಉಂಟಾ?

ಉತ್ತರ (ನೋಂದಣಿ ಸಲಹೆಗಾರರು): ನೀವು ಹೇಳುವುದು 2024ರ ಮಾರ್ಚ್ 12ರ ಕೇಂದ್ರದ ಸುತ್ತೋಲೆ. 23 ಬಗೆಯ ನಾಯಿಗಳ ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಎಂದು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ಅಪಾಯಕಾರಿ ನಾಯಿಯ ಜವಾಬ್ದಾರಿ ಮಾಲಕರ ಮೇಲೆ ಇದ್ದೇ ಇದೆ. ಹೊಸದಾಗಿ ತರಿಸುವವರು ಎನ್‌ಒಸಿ ಕೇಳುವ ಹೊತ್ತಿಗೆ ಆ ತಳಿಗೆ ನಿಯಮ ಏನಿದೆ ಎಂದು ಕ್ವಾರಂಟೈನ್ ಕಚೇರಿಯಲ್ಲೇ ವಿಚಾರಿಸಿ, ಮುಂಗಡ ಆಮೇಲೆ ಕೊಡಿ.

ಪ್ರಶ್ನೆ (ಮಲ್ಪೆ): ಮಳೆಗಾಲದಲ್ಲಿ ಪೆಡಿಗ್ರಿಗೆ ಬೂಸ್ಟು ಹಿಡೀತದೆ. ಲ್ಯಾಮಿನೇಷನ್ ಮಾಡಿಸ್ಲಾ? ಮತ್ತೆ, ನಾಯಿಯ ಹೆಸರು ಉದ್ದ ಉಂಟು, ಅರ್ಜಿಯಲ್ಲಿ ಸಣ್ಣದು ಮಾಡ್ಬಹುದಾ?

ಉತ್ತರ (ನೋಂದಣಿ ಸಲಹೆಗಾರರು): ಲ್ಯಾಮಿನೇಷನ್ ಖಂಡಿತ ಬೇಡ. ಇಲ್ಲಿ ನೋಂದಣಿಯಾದ ನಂಬರನ್ನು ಅದೇ ಒರಿಜಿನಲ್ ಮೇಲೆ ನಮೂದಿಸಿ ಮೊಹರು ಹಾಕಬೇಕು, ಮಾಲಕರು ಬದಲಾದರೆ ಸಹಿಯೂ ಅಲ್ಲೇ ಬೀಳಬೇಕು. ಪ್ಲಾಸ್ಟಿಕ್ ಮೇಲೆ ಅದು ನಡೆಯುವುದಿಲ್ಲ. ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ, ಆಗ ನಕಲು ಪ್ರತಿಗೆ ಮತ್ತೆ ಮೂಲ ದೇಶದ ಕ್ಲಬ್ಬಿಗೇ ಬರೆಯಬೇಕು. ತೆರೆಯಲು ಬರುವ ಫೋಲ್ಡರಿನಲ್ಲಿ ಸಿಲಿಕಾ ಜೆಲ್ ಚೀಟಿಗಳ ಜೊತೆ, ಮಡಚದೆ, ಗೋಡೆಗೆ ತಾಗದ ಕಪಾಟಿನಲ್ಲಿ ಇಡಿ.

ಹೆಸರು ಬದಲಿಸಲು ಬರುವುದಿಲ್ಲ. ನಾಯಿ ಯಾವ ದೇಶಕ್ಕೆ ಹೋದರೂ ಹುಟ್ಟಿದ ದೇಶದ ನೋಂದಾಯಿತ ಹೆಸರು ಮತ್ತು ಮೂಲ ನಂಬರ್ ಹಾಗೇ ಉಳಿಯಬೇಕು ಎಂಬುದು ಎಫ್‌ಸಿಐ ನಿಯಮ. ಕೆನಲ್ ಹೆಸರಿಗೆ ಮೊದಲು ಬರುವ 'ಫೊಮ್' ಅಥವಾ 'ಫೊನ್' ಕೂಡ ಬಿಡಬೇಡಿ. ಜರ್ಮನ್ ಅಕ್ಷರದ ಮೇಲೆ ಎರಡು ಚುಕ್ಕೆ ಇದ್ದು ಅರ್ಜಿಯಲ್ಲಿ ಅದು ಟೈಪ್ ಆಗದಿದ್ದರೆ ಪಕ್ಕದಲ್ಲಿ 'ಇ' ಅಕ್ಷರ ಸೇರಿಸುವುದು ರೂಢಿ, ಅದನ್ನು ಷರಾ ಜಾಗದಲ್ಲಿ ತಿಳಿಸಿ. ಮನೆಯಲ್ಲಿ ಕರೆಯುವ ಹೆಸರು ನಿಮ್ಮಿಷ್ಟ, ಅದನ್ನು ಯಾವ ಫಾರ್ಮಿನಲ್ಲೂ ಬರೆಯುವ ಅಗತ್ಯವಿಲ್ಲ.